ಚೀಲದಲ್ಲಿ ಇಲ್ಲದ ಬಾಳೆಹಣ್ಣು

ನನ್ನ ಕಾಯಿಲೆಯ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಯಲಹಂಕದ ಬಳಿಯ ಅಟ್ಟೂರಿನ ನಮ್ಮ ಬಡಾವಣೆಯಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಮೊದಲಿಗರು ನಿವಾಸಿಗಳ ಸಂಘದ ಕಾರ್ಯದರ್ಶಿ. ನವೆಂಬರ್ ಮುಗಿಯುವುದರೊಳಗೆ ಹೇಗೋ ಮಾಡಿ ನಡೆಸಿದ ರಾಜ್ಯೋತ್ಸವದ ವೇದಿಕೆಯ ಮೇಲೆ ಅವರು ಮೈಕ್ ಹಿಡಿದು ಹೇಳಿದ್ದು ಹೀಗೆ: "ಹಿಮಾಲಯದ ನೆತ್ತಿಯಲ್ಲಿ, ಉಸಿರಾಡಲು ಗಾಳಿಯೇ ಇಲ್ಲದ ಜಾಗದಲ್ಲಿ, ಪ್ರಜ್ಞೆ ತಪ್ಪಿ ಬಿದ್ದ ತಂಗಿಯನ್ನು ಹೆಗಲ ಮೇಲೆ ಹೊತ್ತು ತಂದು ಬದುಕಿಸಿದ ವೀರ ಸಹೋದರಿ ಶಿಲ್ಪಾ ಅವರನ್ನು ವೇದಿಕೆಗೆ ಬರಮಾಡಿಕೊಳ್ಳೋಣ."

ಆ ಶಿಲ್ಪಾ ನನ್ನ ಅಕ್ಕ. ಪ್ರಜ್ಞೆ ತಪ್ಪಿ ಬಿದ್ದ ತಂಗಿ ನಾನು, ಪಲ್ಲವಿ.

ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ಆಕ್ಷೇಪಣೆಗಳನ್ನು ಜೋಡಿಸಿಕೊಂಡೆ. ಗಾಳಿ ಇತ್ತು, ಇಲ್ಲದಿದ್ದರೆ ಹೊತ್ತು ತಂದ ವೀರ ಸಹೋದರಿ ಹೇಗೆ ಉಸಿರಾಡಿದಳು? ನಾನು ಪ್ರಜ್ಞೆ ತಪ್ಪಿರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಮಾತಾಡುತ್ತಿದ್ದೆ. ನನ್ನನ್ನು ಕೆಳಗಿಳಿಸಿದ್ದು ಯಾರ ಹೆಗಲೂ ಅಲ್ಲ, ಗುಡಾರದ ಕಂಬಗಳನ್ನು ತುಂಬಿದ್ದ ಒಂದು ಟೆಂಪೊ. ಆದರೆ ವೇದಿಕೆಯ ಮೇಲೆ ಅಕ್ಕನ ಮುಖ ನೋಡಿದ ಮೇಲೆ ಆಕ್ಷೇಪಣೆಗಳನ್ನು ಬಾಯಲ್ಲೇ ಇಟ್ಟುಕೊಂಡೆ. ಅವಳಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯ ಮೇಲ್ಭಾಗದಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಅಕ್ಕ ಬುಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಇಳಿದು ಬಂದಳು. ಆಮೇಲೆ ನಾನು ಹೋಗಿ ತಂದೆ. ಬಾಳೆಹಣ್ಣನ್ನು ದಾರಿಯಲ್ಲೇ ಬೇರೆಯವರಿಗೆ ಕೊಟ್ಟೆ. ಯಾಕೆಂದು ಮುಂದೆ ಹೇಳುತ್ತೇನೆ.

ಇನ್ನೊಂದು ಕಥೆ ಕೋಗಿಲಿನದು. ಅದು ಅಮ್ಮನ ತವರು. ನನ್ನನ್ನು ನೋಡಲು ಬಂದ ದೊಡ್ಡಮ್ಮ ನನ್ನ ಕೆನ್ನೆ ಹಿಂಡಿ ತೀರ್ಪು ಕೊಟ್ಟಳು: "ಅಂಗೆಲ್ಲ ಸೈಕಲ್ ತುಳುದ್ರೆ ಇಂಗೇ ಆಗೋದು ಕಣಮ್ಮಿ. ಮೈಯಾಗಿನ ಸತ್ವ ಎಲ್ಲ ಬೆವರಾಗಿ ಓಯ್ತು, ಸಕ್ಕರೆ ಒಂದು ಉಳ್ಕಂತು." ಎದುರು ಪಕ್ಷದ ವಾದವನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲಿ ಮುಂದಿಟ್ಟು ಆಮೇಲೆ ಖಂಡಿಸಬೇಕು ಎಂದು ನಮಗೆ ಕಲಿಸಿದ್ದರು. ದೊಡ್ಡಮ್ಮನ ವಾದಕ್ಕೆ ಒಂದು ಸೊಗಸು ಇದೆ, ಒಪ್ಪುತ್ತೇನೆ. ಸತ್ಯ ಇಲ್ಲ, ಅಷ್ಟೆ.

ಈ ಎರಡು ಕಥೆಗಳಿಂದ ನನಗೆ ನಷ್ಟವೇನೂ ಇಲ್ಲ. ನಷ್ಟ ಅಕ್ಕನಿಗೆ. ಬೆಟ್ಟದಿಂದ ಮರಳಿದ ಮೇಲೆ ಅವಳು ಸೈಕಲ್ ಮುಟ್ಟಲಿಲ್ಲ. ಸಂಘದವರು ಅವಳನ್ನು ದೇವತೆ ಮಾಡಿದರು, ನೆಂಟರು ಬುದ್ಧಿ ಇಲ್ಲದವಳನ್ನಾಗಿ ಮಾಡಿದರು. ಅವಳು ಎರಡನ್ನೂ ನಂಬಲಿಲ್ಲ. ಅವಳ ಹತ್ತಿರ ಇವೆರಡಕ್ಕಿಂತ ಕೆಟ್ಟದಾದ ಮೂರನೆಯ ಕಥೆ ಇತ್ತು: ತಂಗಿಯನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ್ದು ತಾನೇ ಎಂಬುದು. ಅವಳು ಮತ್ತೆ ಸೈಕಲ್ ಹತ್ತಬೇಕು. ನನಗೆ ಬೇಕಾದದ್ದು ಅದು. ಆದ್ದರಿಂದ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿದೆ.

ಅಕ್ಕ ವಿದ್ಯಾರಣ್ಯಪುರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಸೈಕಲ್ ಹುಚ್ಚು ಹತ್ತಿಸಿಕೊಂಡವಳು ಅವಳೇ, ನನಗೆ ಅಂಟಿಸಿದವಳೂ ಅವಳೇ. ಭಾನುವಾರ ಬೆಳಿಗ್ಗೆ ರಾಜಾನುಕುಂಟೆ ದಾಟಿ ಹೋಗುವುದು, ಕಾಲು ಬಲಿತ ಮೇಲೆ ನಂದಿ ಬೆಟ್ಟ ಹತ್ತುವುದು. ನಂದಿಯ ಮೊದಲ ತಿರುವಿನ ಕೆಳಗೆ ನಿಂತು ಅವಳು ಒಂದು ನಿಯಮ ಮಾಡಿದಳು.

"ನೋಡು ಲಾಯರಮ್ಮ, ನಿನ್ ಹತ್ರ ವಾದ ಮಾಡಿ ಗೆದ್ದೋರು ಈ ಮನೇಲಿ ಯಾರೂ ಇಲ್ಲ. ಅದಕ್ಕೇ ಹೇಳ್ತಿದೀನಿ. ರಸ್ತೇಲಿ ನಮ್ಮಿಬ್ರಲ್ಲಿ ಯಾರು 'ಸಾಕು' ಅಂದ್ರೂ ಸಾಕು. ಯಾಕೆ ಅಂತ ಕೇಳೋ ಹಾಗಿಲ್ಲ."

"ಕಾರಣ ಹೇಳದೆ ಇರೋ ನಿಯಮ ಸರ್ವಾಧಿಕಾರ ಅಲ್ವಾ?"

"ಹೌದು. ತುಳಿ."

ಆ ನಿಯಮ ಕೆಲಸ ಮಾಡಿತು. ಒಮ್ಮೆ ನಾನು ಹೊಟ್ಟೆನೋವಿಗೆ 'ಸಾಕು' ಅಂದೆ, ಒಮ್ಮೆ ಅವಳು ಒಂಟಿ ರಸ್ತೆಯಲ್ಲಿ ಯಾವುದೋ ಕಾರು ಹಿಂದೆ ಬರುವುದನ್ನು ಕಂಡು ಅಂದಳು. ಇಬ್ಬರೂ ಯಾಕೆಂದು ಕೇಳದೆ ತಿರುಗಿದೆವು. ಆ ನಂಬಿಕೆಯ ಮೇಲೆಯೇ ದಸರಾ ರಜೆಗೆ ಮನಾಲಿಯಿಂದ ಲೇಹ್‌ಗೆ ಹೋಗುವ ಯೋಜನೆ ಹಾಕಿದ್ದು. ಗುಂಪಿಲ್ಲ, ಮಾರ್ಗದರ್ಶಿ ಇಲ್ಲ, ಹಿಂದೆ ಬರುವ ಜೀಪಿಲ್ಲ. ಸಾಮಾನೆಲ್ಲ ಸೈಕಲ್ಲಿನ ಎರಡು ಬದಿಗೆ ಕಟ್ಟಿದ ಚೀಲಗಳಲ್ಲಿ. ಒಂದರ ಹಿಂದೆ ಒಂದರಂತೆ ಎತ್ತರದ ಕಣಿವೆ ಹಾದಿಗಳನ್ನು ದಾಟುತ್ತ ನಾವಿಬ್ಬರೇ ಹೋಗುವುದು. ಅಪ್ಪ ಯಲಹಂಕದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವರು, ನಕ್ಷೆ ನೋಡಿ, "ರಸ್ತೆ ಚೆನ್ನಾಗಿದ್ಯಾ?" ಎಂದು ಮಾತ್ರ ಕೇಳಿದರು. ಅಮ್ಮ ಅಕ್ಕನನ್ನು ನೋಡಿ, "ನೀನ್ ದೊಡ್ಡೋಳು ಇದೀಯಲ್ಲ ಜೊತೇಲಿ," ಅಂದಳು. ಅನುಮತಿ ಸಿಕ್ಕಿತು.

ಹೊರಡುವ ಮುಂಚಿನ ದಿನಗಳಲ್ಲಿ ನನ್ನ ಮೈ ಹೇಳುತ್ತಿದ್ದುದನ್ನು ಮೊದಲು ಕೇಳಿಸಿಕೊಂಡಿದ್ದು ಅಮ್ಮನ ಅಳತೆಯ ಟೇಪು. ಅಮ್ಮ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ನನ್ನ ಕುರ್ತಾಗಳು ದೊಗಲೆಯಾದವೆಂದು ಒಂದು ಸಲ ಪಕ್ಕ ಹಿಡಿದುಕೊಟ್ಟಳು. ಸ್ವಲ್ಪ ದಿನಕ್ಕೆ ಮತ್ತೆ ಹಿಡಿಯಬೇಕಾಯಿತು. "ಏನೇ ಇದು, ನಿನ್ ಅಳತೆ ನಿಲ್ತಾನೇ ಇಲ್ಲ," ಅಂದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಉಳಿದವರೆಲ್ಲ ಅಭಿನಂದಿಸಿದರು. ಗೆಳತಿಯೊಬ್ಬಳು, "ಮಗಾ, ಡಯಟ್ ಯಾವ್ದು ಹೇಳೇ," ಎಂದು ಹಿಂದೆ ಬಿದ್ದಳು. ಬಾಯಾರಿಕೆ ಇತ್ತು, ಬಿಸಿಲಲ್ಲಿ ಸೈಕಲ್ ತುಳಿಯುವವರಿಗೆ ಇರುವುದೇ. ಸುಸ್ತಿತ್ತು, ನಂದಿ ಹತ್ತಿದವರಿಗೆ ಇರುವುದೇ.

ಇದನ್ನು ಓದುತ್ತಿರುವ ಯಾರಿಗಾದರೂ 'ನನಗೆ ಯಾಕೆ ಗೊತ್ತಾಗಲಿಲ್ಲ' ಎಂಬ ಮುಳ್ಳು ಇನ್ನೂ ಚುಚ್ಚುತ್ತಿದ್ದರೆ ಅವರಿಗೆ ಒಂದು ಮಾತು. ನಿಮಗೆ ಗೊತ್ತಾಗಿತ್ತು. ಆದರೆ ಗೊತ್ತಾದ ಪ್ರತಿಯೊಂದಕ್ಕೂ ಮೊದಲೇ ಒಂದು ಒಳ್ಳೆಯ ಸಮಜಾಯಿಷಿ ಬಂದು ಕೂತಿತ್ತು.

ಬೆಟ್ಟದಲ್ಲಿ ಸಮಜಾಯಿಷಿಗಳಿಗೆ ಬರವೇ ಇರಲಿಲ್ಲ. ರೋಹ್ತಾಂಗ್ ಕಣಿವೆ ಹಾದಿ ದಾಟಿದ ದಿನದಷ್ಟು ನಾನು ಸಂತೋಷಪಟ್ಟದ್ದು ಬದುಕಿನಲ್ಲಿ ಬೇರೆ ಇಲ್ಲ. ತುದಿಯಲ್ಲಿ ಅಕ್ಕ ಮಾತಾಡದೆ ನನ್ನ ಹೆಲ್ಮೆಟ್ಟಿನ ಮೇಲೆ ಒಂದು ಗುದ್ದು ಕೊಟ್ಟಳು, ನಾನು ಅವಳ ಹೆಲ್ಮೆಟ್ಟಿಗೆ ಒಂದು ಕೊಟ್ಟೆ. ಆಮೇಲಿನ ದಿನಗಳಲ್ಲಿ ನೀರು ಕುಡಿದಷ್ಟೂ ಸಾಲದಾಯಿತು. ಒಣಹವೆ, ಎಂದೆವು. ಕುಡಿದಷ್ಟೂ ಮತ್ತೆ ಮತ್ತೆ ಸೈಕಲ್ ನಿಲ್ಲಿಸಿ ಬಂಡೆಯ ಮರೆಗೆ ಓಡಬೇಕಾಯಿತು. ಎತ್ತರದ ಕಾಯಿಲೆ ಬರದಿರಲೆಂದು ತೆಗೆದುಕೊಳ್ಳುತ್ತಿದ್ದ ಮಾತ್ರೆ ಹಾಗೆಯೇ ಮಾಡುತ್ತದೆ, ಅದರ ಚೀಟಿಯಲ್ಲೇ ಬರೆದಿತ್ತು. ವಾಕರಿಕೆ, ಏದುಸಿರು: ಬೆಟ್ಟ. ಕಣ್ಣು ಮಂಜು: ಧೂಳು.

ಅಕ್ಕನಿಗೆ ಸುಸ್ತಿಗೆ ಒಂದೇ ಮದ್ದು ಗೊತ್ತು. ಶಾಲೆಯ ಕ್ರೀಡಾದಿನ ಬಿಸಿಲಿಗೆ ತಲೆ ಸುತ್ತಿ ಕೂತ ಮಕ್ಕಳಿಗೆಲ್ಲ ಅವಳು ಬಕೆಟ್‌ನಲ್ಲಿ ಗ್ಲೂಕೋಸ್ ಕಲಸಿ ಲೋಟ ಲೋಟ ಕೊಡುತ್ತಿದ್ದಳು. ಸೈಕಲ್ ತುಳಿಯುವ ನಾವೆಲ್ಲರೂ ಮಾಡುವುದು ಅದನ್ನೇ. ಕಾಲು ಸೋತರೆ ಸಿಹಿ. ನನ್ನ ಬಾಟಲಿಗೆ ಅವಳು ಎರಡು ಚಮಚ ಹಾಕುತ್ತಿದ್ದಳು. ನಾನು ಇನ್ನೂ ಸೋತೆ. ಅವಳು ನಾಲ್ಕು ಹಾಕಿದಳು.

ಬಾರಾಲಾಚಾ ಎಂಬ ಕಣಿವೆ ಹಾದಿಯ ಬುಡದಲ್ಲಿ ಗುಡಾರದ ಹೋಟೆಲೊಂದರಲ್ಲಿ ಉಳಿದೆವು. ಚಳಿಗಾಲಕ್ಕೆ ಮುಂಚೆ ಅಂಗಡಿಯವರು ಗುಡಾರ ಬಿಚ್ಚಿ ಕೆಳಗಿಳಿಯುವ ಸಮಯ. ಉಳಿದಿದ್ದ ಕೆಲವರಲ್ಲಿ ಒಬ್ಬ ಹೆಂಗಸು ನಮಗೆ ಜಾಗ ಕೊಟ್ಟಳು. ಇನ್ನೂ ಬೆಳಕಿತ್ತು. ನಾನು ರಜಾಯಿಯೊಳಗೆ ಸೇರಿಕೊಂಡಿದ್ದೆ. ಅಕ್ಕ ಪಕ್ಕಕ್ಕೆ ಬಂದು ಕೂತವಳು ಮೂಗು ಅರಳಿಸಿದಳು.

"ಎಲ್ಲೋ ಬಾಳೆಹಣ್ಣು ಕೊಳೀತಿದೆ ಕಣೇ."

"ಬಾಳೆಹಣ್ಣು ಕೇಲಾಂಗಲ್ಲೇ ಖಾಲಿ ಆಯ್ತಲ್ಲ."

"ವಾಸನೆ ಬರ್ತಿದೆ. ನೀನೇ ಎಲ್ಲೋ ಬಚ್ಚಿಟ್ಟಿದೀಯ."

"ನಾನೇನ್ ಕೋತೀನಾ?"

"ಅನುಮಾನ ಇದೆ," ಅಂದವಳೇ ಎದ್ದು ಚೀಲಗಳನ್ನು ಸುರಿದಳು. ಉಣ್ಣೆಯ ಕಾಲುಚೀಲ, ಪಂಕ್ಚರ್ ಡಬ್ಬಿ, ಪಂಪು, ಕಡಲೆಮಿಠಾಯಿ, ಮಳೆ ಅಂಗಿ, ಎಲ್ಲ ನೆಲಕ್ಕೆ ಬಂತು. ಪ್ರತಿ ಜೇಬಿಗೂ ಕೈಹಾಕಿ, ಕೈ ಮೂಸಿ ನೋಡಿದಳು. ಹೋಟೆಲಿನ ಹೆಂಗಸು ಕೂಡ ಏನು ಹುಡುಕುತ್ತಿದ್ದೀರೆಂದು ಬಂದು, ರಜಾಯಿಗಳನ್ನು ಎತ್ತಿ ಕೊಡವಿದಳು. ಬಾಳೆಹಣ್ಣು ಸಿಗಲಿಲ್ಲ. ಕೊನೆಗೆ ಮೂವರೂ ನಗುತ್ತ ಕೂತೆವು. ಅಕ್ಕ ಎಲ್ಲವನ್ನೂ ಮತ್ತೆ ಮಡಿಸಿ ತುಂಬಿದಳು.

ವಾಸನೆ ಬರುತ್ತಿದ್ದುದು ನನ್ನ ಉಸಿರಿನಿಂದ.

ಬೆಳಿಗ್ಗೆ ಬಿಸ್ಕತ್ತು ತಿಂದು ವಾಂತಿ ಮಾಡಿಕೊಂಡೆ. ಅಕ್ಕ ಬಾಯಿ ಒರೆಸಿಕೊಳ್ಳಲು ನೀರು ಕೊಟ್ಟು, ಸಣ್ಣದಾಗಿ, "ಸಾಕು ಕಣೇ," ಅಂದಳು. ನಿಯಮದ ಪ್ರಕಾರ ಆಟ ಅಲ್ಲಿಗೆ ಮುಗಿಯಬೇಕಿತ್ತು. ನಾನು ವಾದಕ್ಕೆ ಇಳಿದೆ. ಆ ವಾದವನ್ನು ಇಲ್ಲಿ ಪೂರ್ತಿ ಕೊಡುತ್ತೇನೆ, ಯಾಕೆಂದರೆ ನಾನು ಬದುಕಿನಲ್ಲಿ ಮಾಡಿದ ಅಚ್ಚುಕಟ್ಟಾದ ವಾದಗಳಲ್ಲಿ ಅದೂ ಒಂದು.

"ಎತ್ತರದ ಕಾಯಿಲೆ ಅಂದ್ರೆ ತಲೆನೋವು ಇರ್ಲೇಬೇಕು ಅಂತ ನೀನೇ ಓದಿ ಹೇಳಿದ್ದೆ. ನಂಗೆ ತಲೆನೋವಿಲ್ಲ. ಅಂದ್ಮೇಲೆ ಇದು ಎತ್ತರದ ಕಾಯಿಲೆ ಅಲ್ಲ. ಅಂದ್ಮೇಲೆ ಹೋಗ್ಬಹುದು."

ಮೊದಲ ಮೂರು ಮಾತುಗಳಲ್ಲಿ ತಪ್ಪು ಹುಡುಕಿ ನೋಡಿ, ಸಿಗುವುದಿಲ್ಲ. ಅದು ಎತ್ತರದ ಕಾಯಿಲೆ ಆಗಿರಲಿಲ್ಲ. ನಾಲ್ಕನೆಯ ಮಾತು ಮಾತ್ರ ಯಾವ ಆಧಾರವೂ ಇಲ್ಲದೆ ಹಿಂದಿನ ಮೂರರ ಬೆನ್ನು ಹತ್ತಿ ಬಂದುಬಿಟ್ಟಿತ್ತು.

ಅಕ್ಕ ತಿರುಗಿ ಮೇಲಿನ ರಸ್ತೆಯನ್ನು ನೋಡಿದಳು. ನಾವಿದ್ದ ಜಾಗ ಇನ್ನೂ ನೆರಳಲ್ಲಿತ್ತು. ರಸ್ತೆ ಮಡಚಿ ಮಡಚಿ ಹತ್ತುತ್ತ ಹೋಗಿ ಬಿಸಿಲು ಸೇರುತ್ತಿತ್ತು, ಅದರಾಚೆ ಹಿಮ ಹೊಳೆಯುತ್ತಿತ್ತು. ಅವಳು ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಚೀಲದ ಪಟ್ಟಿ ಬಿಗಿದು, "ನಡಿ," ಅಂದಳು.

ಆ ನೋಟವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಂಡಿದ್ದೇನೆ.

ತುದಿ ಮುಟ್ಟಲಿಲ್ಲ. ಅರ್ಧ ದಾರಿಗೇ ತುಳಿಯಲಾಗದೆ ಸೈಕಲ್ ತಳ್ಳತೊಡಗಿದೆ, ಆಮೇಲೆ ಕೂತೆ. ಕೂತರೂ ಉಸಿರು ಓಡುತ್ತಲೇ ಇತ್ತು, ಯಾರೋ ಬೇರೆಯವರು ನನ್ನೊಳಗೆ ಕೂತು ತುಳಿಯುತ್ತಿರುವ ಹಾಗೆ. ಆದರೂ ಮಾತು ನಿಲ್ಲಲಿಲ್ಲವಂತೆ. 'ಮಾನ್ಯ ಅಧ್ಯಕ್ಷರೇ' ಎಂದು ಶುರುಮಾಡಿ ಯಾವುದೋ ವಿಷಯದ ಮೇಲೆ ಮಂಡಿಸುತ್ತಿದ್ದೆ, ವಾಕ್ಯಗಳು ಮಾತ್ರ ಎಲ್ಲೂ ಸೇರುತ್ತಿರಲಿಲ್ಲ. ಅಕ್ಕ ರಸ್ತೆಯ ನಡುವೆ ಕೈ ಅಗಲಿಸಿ ನಿಂತು ಇಳಿದು ಬರುತ್ತಿದ್ದ ಟೆಂಪೊ ತಡೆದಳು. ಬಿಚ್ಚಿದ ಗುಡಾರ, ಪಾತ್ರೆ, ಕಂಬ ತುಂಬಿಕೊಂಡು ಊರಿಗೆ ಹೊರಟಿದ್ದ ಚಾಲಕ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ, ಸೈಕಲ್‌ಗಳನ್ನು ಕಂಬಗಳ ಮೇಲೆ ಕಟ್ಟಿದ, ಗಾಡಿಯಲ್ಲಿ ಹಾಕಿದ್ದ ಹಾಡು ನಿಲ್ಲಿಸಿದ. ಆ ಹಾಡು ನಿಲ್ಲಿಸಿದ್ದು ನನಗೆ ನೆನಪಿದೆ. ದಾರಿಯುದ್ದಕ್ಕೂ ಅಕ್ಕ ಮುಚ್ಚಳದಲ್ಲಿ ಗ್ಲೂಕೋಸ್ ನೀರು ಹಿಡಿದು ನನಗೆ ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು.

ಕೆಳಗೆ ಕೇಲಾಂಗ್ ಊರಿನ ಆಸ್ಪತ್ರೆಯ ವೈದ್ಯರು ನನ್ನ ಹೆಸರು ಕೇಳಲು ಬಗ್ಗಿದವರು, ಸಕ್ಕರೆ ವಿಪರೀತ ಏರಿದವರ ಉಸಿರಿಗಿರುವ ಆ ಹಣ್ಣಿನ ವಾಸನೆ ಹಿಡಿದು, ಉತ್ತರಕ್ಕೆ ಕಾಯದೆ ನೆಟ್ಟಗಾಗಿ, ಸಕ್ಕರೆ ನೋಡುವ ಯಂತ್ರ ತರಲು ಹೇಳಿದರು. ಯಂತ್ರ ಅಂಕಿ ತೋರಿಸಲಿಲ್ಲ. ತನ್ನ ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಇಷ್ಟು ಹೊತ್ತು ಏನು ಕೊಟ್ಟಿರಿ ಎಂದು ಅವರು ಅಕ್ಕನನ್ನು ಹಿಂದಿಯಲ್ಲಿ ಕೇಳಿದರು. ಅಕ್ಕ ಕೈಯಲ್ಲಿದ್ದ ಪೊಟ್ಟಣ ತೋರಿಸಿದಳು. ಅವರು ಬೈಯಲಿಲ್ಲ. "ಸರಿ, ಅದನ್ನು ಇಲ್ಲಿ ಇಡಿ," ಅಂದರಂತೆ. ಅಕ್ಕ ಇದನ್ನು ನನಗೆ ಹೇಳಿದ್ದು ಒಂದೇ ಒಂದು ಸಲ. ಆ ದನಿಯ ಮೃದುತ್ವವೇ ಅವಳನ್ನು ಹೆದರಿಸಿದ್ದು ಅಂದಳು.

ಆಂಬುಲೆನ್ಸಿನಲ್ಲಿ ಕುಲ್ಲುವಿಗೆ ಇಳಿಸಿದರು. ನಾವು ದಿನವಿಡೀ ಬೆವರು ಸುರಿಸಿ ದಾಟಿದ್ದ ರೋಹ್ತಾಂಗಿನ ಬೆಟ್ಟದ ಹೊಟ್ಟೆಯೊಳಗೇ ಸುರಂಗವಿದೆ; ಅದರಲ್ಲಿ ಕೆಲವೇ ನಿಮಿಷಗಳಲ್ಲಿ ಆಚೆ ಬಂದೆವಂತೆ. ತೀವ್ರ ನಿಗಾ ಘಟಕದ ದಿನಗಳ ಬಗ್ಗೆ ನನ್ನ ಹತ್ತಿರ ಹೇಳುವಂಥದ್ದು ಕಡಿಮೆ. ಒಬ್ಬ ನರ್ಸ್ ಮಾತ್ರ ನೆನಪಿದ್ದಾಳೆ. ವಾಂತಿ ಒಣಗಿ ಗಂಟುಗಟ್ಟಿದ್ದ ನನ್ನ ಕೂದಲನ್ನು, ಯಾರೂ ಹೇಳದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಬಿಡಿಸಿ, ಎರಡು ಜಡೆ ಹೆಣೆದಳು. ಶಾಲೆಯ ಹುಡುಗಿಯ ಹಾಗೆ ಎರಡು ಜಡೆ. ಬದುಕುತ್ತೇನೆ ಎಂದು ನನಗೆ ಅನ್ನಿಸಿದ್ದು ಕೈಗೆ ಹಾಕಿದ್ದ ಡ್ರಿಪ್ಪಿನಿಂದಲ್ಲ. ಸಾಯುವವರಿಗೆ ಯಾರೂ ಜಡೆ ಹಾಕುವುದಿಲ್ಲ ಎಂಬ ತರ್ಕದಿಂದ.

ಅಪ್ಪ ಅಮ್ಮ ವಿಮಾನ ಹಿಡಿದು ಬಂದರು. ಅಲ್ಲಿಯ ವೈದ್ಯರು ಇದು ವಯಸ್ಸಾದವರಿಗೆ ಬರುವ ಸಕ್ಕರೆ ಕಾಯಿಲೆ ಅಲ್ಲ, ಬೇರೆ ಬಗೆಯದು, ಜೀವನಪೂರ್ತಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ವಿವರಿಸಿದರು. ಅಪ್ಪ ಎಲ್ಲವನ್ನೂ ಗಮನವಿಟ್ಟು ಕೇಳಿ, ನನ್ನ ಕಡೆ ತಿರುಗಿ, "ಅದೆಲ್ಲ ಸರಿ, ವಾಸಿ ಯಾವಾಗ ಆಗುತ್ತೆ ಅಂತ ಕೇಳಮ್ಮ," ಅಂದರು. ಜೀವನಪೂರ್ತಿ ಅಂದರಲ್ಲ ಅಪ್ಪ, ಅಂದೆ. "ಅದಾದ್ಮೇಲೆ?" ಅಂದರು. 

ಅಮ್ಮ ಬೈಯಲಿಲ್ಲ. ಅಕ್ಕನ ಹತ್ತಿರ ಒಂದೇ ಮಾತು ಅಂದಳು: "ನೀನ್ ದೊಡ್ಡೋಳು ಇದೀಯ ಅಂತ ಕಳ್ಸಿದ್ದೆ." ಅಂದು ನನ್ನ ಹೊದಿಕೆ ಸರಿಮಾಡಿದಳು. ಅಕ್ಕ ಕಿಟಕಿಯ ಕಡೆ ನಡೆದಳು.

ಯಲಹಂಕಕ್ಕೆ ಬಂದ ಮೇಲೆ ಕಾಯುವ ಬದುಕು ಶುರುವಾಯಿತು. ನ್ಯೂಟೌನಿನ ಕ್ಲಿನಿಕ್ಕಿನ ಬೆಂಚುಗಳಲ್ಲಿ ನನ್ನ ವಯಸ್ಸಿನವರು ಯಾರೂ ಇಲ್ಲ. ಎಲ್ಲರೂ ಮೊದಲು ಕೇಳುವುದು, "ತಂದೇನ ಕರ್ಕೊಂಡ್ ಬಂದಿದೀರಾ?" ಎಂದು. ಕಾಯಿಲೆ ನನಗೇ ಅಂದರೆ ತಕ್ಷಣ ಹಾಗಲಕಾಯಿಯ ಸಲಹೆ. ಒಬ್ಬ ನಿವೃತ್ತ ಹಿರಿಯರು ಹಾಗಲಕಾಯಿ ರಸ, ಮೆಂತ್ಯ, ಬರಿಗಾಲಿನ ನಡಿಗೆ ಎಲ್ಲವನ್ನೂ ಹೇಳಿ, "ಇಂಜೆಕ್ಷನ್ ಅಭ್ಯಾಸ ಮಾಡ್ಕೋಬೇಡಿ ಮೇಡಂ, ಆಮೇಲೆ ಬಿಡಕ್ಕಾಗಲ್ಲ," ಅಂದರು.

"ಸಾರ್, ನೀವು ಉಸಿರಾಡೋದು ಅಭ್ಯಾಸ ಮಾಡ್ಕೊಂಡಿದೀರಲ್ಲ, ಬಿಡಕ್ಕಾಯ್ತಾ?"

ಅವರು "ಪಾಯಿಂಟ್ ಇದೆ," ಅಂದರು. ಆಮೇಲಿನ ತಿಂಗಳುಗಳಲ್ಲಿ ಸಿಕ್ಕಿದಾಗಲೆಲ್ಲ ತಮ್ಮ ಪಕ್ಕದ ಜಾಗವನ್ನು ನನಗಾಗಿ ಹಿಡಿದಿಡುತ್ತಿದ್ದರು. ಹಾಗಲಕಾಯಿಯನ್ನು ಮಾತ್ರ ಬಿಡಲಿಲ್ಲ.

ಅಮ್ಮ ಇಂಜೆಕ್ಷನ್ ಕೊಡುವುದನ್ನು ಟೊಮೆಟೊ ಮೇಲೆ ಕಲಿತಳು. "ದಿನಾ ಸೂಜಿ ಇಡ್ಕೊಂಡೇ ಬದುಕೋಳು ನಾನು, ನಂಗೇನ್ ಭಯ," ಅಂದವಳು, ನನ್ನ ಹೊಟ್ಟೆಯ ಹತ್ತಿರ ಬಂದಾಗ ಸೂಜಿಯನ್ನು ಕೆಳಗಿಟ್ಟಳು. ನಾನೇ ಚುಚ್ಚಿಕೊಂಡೆ. ಅವಳು ಗೋಡೆಯ ಕಡೆ ತಿರುಗಿ ನಿಂತು, "ಆಯ್ತಾ, ಆಯ್ತಾ," ಎಂದು ಕೇಳುತ್ತಿದ್ದಳು. ಈಗಲೂ ಹಾಗೆಯೇ.

ಅಕ್ಕ ಏನು ಮಾಡಿದಳು? ತನ್ನ ಸೈಕಲ್ಲನ್ನು ಬಾಲ್ಕನಿಯ ಕೊಕ್ಕೆಗೆ ನೇತುಹಾಕಿ ಹಳೆಯ ಸೀರೆ ಮುಚ್ಚಿದಳು. ಮನೆಯಲ್ಲಿದ್ದ ಗ್ಲೂಕೋಸ್ ಡಬ್ಬಿಗಳನ್ನೆಲ್ಲ ಹೊರಹಾಕಿದಳು. ಶಾಲೆಯಲ್ಲಿ ಕ್ರೀಡಾದಿನ ಬಂದರೆ ಮಕ್ಕಳಿಗೆ ಬರೀ ನಿಂಬೆನೀರು. ಬಾಳೆಹಣ್ಣಿನ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಅಮ್ಮ ಮನೆಗೆ ಏಲಕ್ಕಿ ಬಾಳೆ ತರುವುದನ್ನೇ ಬಿಟ್ಟಳು. ನನ್ನ ಮೇಲೆ ಮಾತ್ರ ಕಾವಲು: ಊಟ ಮಾಡಿದ್ಯಾ, ನೋಡ್ಕೊಂಡ್ಯಾ, ಎಷ್ಟಿದೆ. ಅವಳು ನನಗೆ ಅಕ್ಕನಾಗಿರುವುದನ್ನು ಬಿಟ್ಟು ವಾರ್ಡನ್ ಆಗಿದ್ದಳು.

ಒಂದು ಸಲ ಅವಳನ್ನು ಬೇಕೆಂದೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಿಸಿದೆ. ಅವರು ಕನ್ನಡಕ ತೆಗೆದು ಅಕ್ಕನಿಗೆ ಹೇಳಿದರು: "ನೋಡಮ್ಮ, ನೀವು ಗ್ಲೂಕೋಸ್ ಕೊಟ್ಟಿದ್ರಿಂದ ಕಾಯಿಲೆ ಬರ್ಲಿಲ್ಲ. ಇದು ಮನೇಲಿದ್ದಾಗ್ಲೇ ಶುರು ಆಗಿತ್ತು. ಇಲ್ಲೇ ಇದ್ದಿದ್ರೂ ಬರ್ತಿತ್ತು."

ನನ್ನ ಪ್ರಕಾರ ಮೊಕದ್ದಮೆ ಅಲ್ಲಿಗೆ ಮುಗಿಯಿತು. ಹೊರಗೆ ಬಂದು ಆಟೊಗೆ ಕಾಯುವಾಗ ಅಕ್ಕ ಅಂದಳು: "ಬರ್ಲಿಲ್ಲ ಅಂದ್ರು. ಹೆಚ್ಚಾಗ್ಲಿಲ್ಲ ಅಂದ್ರಾ?"

ಅಂದಿರಲಿಲ್ಲ. ನನಗಿಂತ ಒಳ್ಳೆಯ ವಾದಿ ಮನೆಯಲ್ಲೇ ಇದ್ದದ್ದು ನನಗೆ ತಡವಾಗಿ ಗೊತ್ತಾಯಿತು.

ರಾಜ್ಯೋತ್ಸವದ ಸನ್ಮಾನ ನಡೆದಿದ್ದು ಇದರ ನಡುವೆ. ಆ ಶಾಲು ಅಕ್ಕನ ಬೀರುವಿನಲ್ಲಿ ಪ್ಲಾಸ್ಟಿಕ್ ಸಮೇತ ಇದೆ.

ಅದಾದ ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ. ಅಮ್ಮ ಹೊಲಿದ ಬ್ಲೌಸುಗಳನ್ನು ಕೊಡಲು ಕೋಗಿಲಿಗೆ ಹೋಗಿದ್ದಳು, ಶಾಲೆಗೆ ರಜೆಯಾದ್ದರಿಂದ ಅಕ್ಕ ಮನೆಯಲ್ಲಿದ್ದಳು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಒಂದು ಫೋನ್ ಬಂತು, ಊಟ ತಡವಾಯಿತು. ಸಕ್ಕರೆ ಏರುವುದು ಹೇಗೆ ಅಪಾಯವೋ, ಇಳಿಯುವುದೂ ಹಾಗೆಯೇ, ಇನ್ನೂ ಬೇಗ. ಬೆರಳು ನಡುಗಿತು, ಬೆವರು ಬಂತು, ಬಾಗಿಲ ಚೌಕಟ್ಟು ಎರಡಾಗಿ ಕಂಡಿತು. ಏನು ಬೇಕೆಂದು ನನಗೆ ಗೊತ್ತಿತ್ತು. ಮೊದಲ ದಿನವೇ ಕಲಿಸಿದ್ದರು.

"ಅಕ್ಕ, ಸಕ್ಕರೆ."

ಅವಳು ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದಳು. ತಂದು ನನ್ನ ಎದುರು ನಿಂತಳು. ನಿಂತೇ ಇದ್ದಳು. ಚಮಚ ಡಬ್ಬಿಯೊಳಗಿತ್ತು, ಅದನ್ನು ಎತ್ತಲು ಅವಳಿಗೆ ಆಗಲಿಲ್ಲ.

"ನಿಜವಾಗ್ಲೂ ಬೇಕಾ? ಇನ್ನೊಂದ್ಸಲ ನೋಡ್ಕೊಳೇ."

"ಕೊಡಕ್ಕ."

"ಇದೂ ಬೇರೆ ಏನೋ ಆಗಿದ್ರೆ?"

ವಾದ ಮಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ. ಬಾಯಿ ತೆರೆದೆ, ಅಷ್ಟೆ. ಚಿಕ್ಕವಳಿದ್ದಾಗ ಅವಳು ತುತ್ತು ಕೊಡುವಾಗ ತೆರೆಯುತ್ತಿದ್ದ ಹಾಗೆ. ಆಗ ಅವಳ ಕೈ ಮುಂದೆ ಬಂತು. ಅರ್ಧ ಸಕ್ಕರೆ ನನ್ನ ಗಲ್ಲದ ಮೇಲೆ, ಕುತ್ತಿಗೆಯ ಮೇಲೆ. ನಡುಕ ಇಳಿಯುವವರೆಗೆ ಅವಳು ಡಬ್ಬಿ ತಬ್ಬಿಕೊಂಡು ನೆಲದ ಮೇಲೆ ಕೂತಿದ್ದಳು.

"ಅದೇ ಕೈ ಕಣೇ," ಅಂದಳು, ತನ್ನ ಕೈ ನೋಡಿಕೊಳ್ಳುತ್ತ.

"ಹೌದು, ಅದೇ ಕೈ. ಇವತ್ತು ಉಳಿಸ್ತು."

"ಶುರು ಮಾಡ್ಬೇಡ ನಿನ್ ವಾದ."

"ಒಂದೇ ಪಾಯಿಂಟ್—"

"ಬೇಡ ಪಲ್ಲು. ಅವತ್ತು ವಾಸನೆ ಬಂತು ನಂಗೆ. ಚೀಲ ಎಲ್ಲ ಹುಡುಕ್ದೆ. ನಿನ್ನ ಒಂದ್ಸಲ ಮೂಸಿ ನೋಡ್ಲಿಲ್ಲ."

 ಮನುಷ್ಯರು ಬಾಳೆಹಣ್ಣನ್ನು ಚೀಲದಲ್ಲೇ ಹುಡುಕುತ್ತಾರೆ, ತಂಗಿಯ ಶ್ವಾಸಕೋಶದಲ್ಲಿ ಹುಡುಕುವುದಿಲ್ಲ. ಇದು ಸರಿಯಾದ ಮಾತು. ಆದರೆ ಸರಿಯಾದ ಮಾತುಗಳು ಎಲ್ಲಿಗೆ ಕರೆದೊಯ್ಯುತ್ತವೆ ಎಂದು ನಾನು ಒಮ್ಮೆ ನೋಡಿದ್ದೆ. ಸುಮ್ಮನೆ ಅವಳ ಪಕ್ಕ ನೆಲದ ಮೇಲೆ ಕೂತೆ. ಇರುವೆಗಳು ಬರುವವರೆಗೆ ಕೂತಿದ್ದೆವು.

ಮುಂದಿನ ಭೇಟಿಯಲ್ಲಿ ವೈದ್ಯರು ನಾನು ಸೈಕಲ್ ತುಳಿಯಬಹುದು ಅಂದರು. ನಿಧಾನವಾಗಿ, ಆಗಾಗ ಸಕ್ಕರೆ ನೋಡಿಕೊಳ್ಳುತ್ತ, ಮತ್ತು ಸದ್ಯಕ್ಕೆ ಒಬ್ಬಳೇ ಹೋಗದೆ. ಮನೆಗೆ ಬಂದು ಅಷ್ಟನ್ನೇ ಹೇಳಿದೆ. ಯಾರು ಬರಬೇಕೆಂದು ಹೇಳಲಿಲ್ಲ. ಅಪ್ಪ, "ನಾನ್ ಬೇಕಾದ್ರೆ ಸ್ಕೂಟರಲ್ಲಿ ಹಿಂದೆ ಬರ್ತೀನಿ," ಅಂದರು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಅಕ್ಕನನ್ನು ನೋಡಿದಳು. ಈ ಸಲ 'ನೀನು ದೊಡ್ಡವಳು' ಅನ್ನಲಿಲ್ಲ. "ಇಬ್ರೂ ಉಷಾರಾಗಿ ಓಗ್ಬನ್ನಿ," ಅಂದು ಮತ್ತೆ ಯಂತ್ರ ತುಳಿಯತೊಡಗಿದಳು.

ಭಾನುವಾರ ಬೆಳಿಗ್ಗೆ ನಾನು ಗೇಟಿನ ಹತ್ತಿರ ಟೈರಿಗೆ ಗಾಳಿ ಹಾಕುತ್ತಿದ್ದಾಗ ಮೇಲೆ ಬಾಲ್ಕನಿಯಲ್ಲಿ ಸೀರೆ ಎಳೆದ ಸದ್ದು ಕೇಳಿತು. ನಾನು ತಲೆ ಎತ್ತಲಿಲ್ಲ. ಅಕ್ಕ ಸೈಕಲ್ ಹೊತ್ತುಕೊಂಡು ಮೆಟ್ಟಿಲಿಳಿದು ಬಂದಳು. ಅವಳ ಅಂಗಿಯ ಹಿಂದಿನ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣದ ಹಸಿರು ಮೂಲೆ ಕಾಣುತ್ತಿತ್ತು. ಅದನ್ನೂ ನಾನು ನೋಡದ ಹಾಗೆ ಇದ್ದೆ.

ರಾಜಾನುಕುಂಟೆಯವರೆಗೆ ಹೋದೆವು. ಹತ್ತಿರವೇ, ಮೊದಲಾದರೆ ಮೈ ಬಿಸಿಯಾಗುವಷ್ಟು ದೂರವೂ ಅಲ್ಲ. ಅವಳು ಹಿಂದೆ, ನಾನು ಮುಂದೆ. ಮೊದಲೆಲ್ಲ ಅವಳೇ ಮುಂದಿರುತ್ತಿದ್ದಳು. ರಸ್ತೆ ಏರತೊಡಗುವಲ್ಲಿ ಹಿಂದಿನಿಂದ, "ಸಾಕು," ಅಂದಳು. ನಾನು ಬ್ರೇಕ್ ಹಿಡಿದು ಸೈಕಲ್ ತಿರುಗಿಸಿದೆ. ಯಾಕೆ ಎಂದು ಕೇಳಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ಏನೋ ಪರೀಕ್ಷೆ ಮಾಡಿದವಳ ಹಾಗೆ.

ವಾಪಸು ಬರುತ್ತ ಟೀ ಅಂಗಡಿಯಲ್ಲಿ ನಿಂತೆವು. ನನಗೆ ಸಕ್ಕರೆ ಇಲ್ಲದ್ದು, ಅವಳಿಗೆ ಇರುವುದು. ಅಂಗಡಿಯ ಕಂಬಿಗೆ ಬಾಳೆಗೊನೆ ನೇತಾಡುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ ಕೂತಳು, ಆದರೆ ಕೂತಳು.

ಕೇಳಬೇಕಾದ ಒಂದು ಪ್ರಶ್ನೆ ನನ್ನ ಹತ್ತಿರ ಬಾರಾಲಾಚಾ ಬುಡದ ಆ ಬೆಳಿಗ್ಗೆಯಿಂದ ಇದೆ. ವಾದಕ್ಕಾಗಿ ಅಲ್ಲ, ಇದಕ್ಕೆ ಯಾವ ಉತ್ತರ ಬಂದರೂ ಯಾರೂ ಗೆಲ್ಲುವುದಿಲ್ಲ. ಎಲ್ಲರ ಕಥೆಯಲ್ಲೂ ಅಕ್ಕ ನನ್ನ ಸಲುವಾಗಿಯೇ ಇದ್ದಾಳೆ: ನನ್ನನ್ನು ಹೊತ್ತವಳು, ನನ್ನನ್ನು ಕೆಡಿಸಿದವಳು, ನನ್ನ ಮಾತಿಗೆ ಮಣಿದವಳು. ಅವಳಿಗೂ ಒಂದು ಬೆಟ್ಟ ಬೇಕಾಗಿತ್ತೇ ಎಂದು ಯಾರೂ ಕೇಳಿಲ್ಲ. ಬೇಕಾಗಿದ್ದರೆ, ಆ ಬೆಳಿಗ್ಗೆ ಅವಳು ನನ್ನ ಕಾವಲುಗಾರ್ತಿ ಆಗಿರಲಿಲ್ಲ. ನನ್ನ ಹಾಗೆಯೇ ಸೈಕಲ್ ತುಳಿಯಲು ಬಂದ ಒಬ್ಬ ಹುಡುಗಿಯಾಗಿದ್ದಳು. ಆಗ ಆ ದಿನ ನಮ್ಮಿಬ್ಬರದು.

ಅವಳು ಟೀ ಊದುತ್ತಿದ್ದಳು. ನಾನು ಕೇಳಿದೆ:

"ಅಕ್ಕ, ಅವತ್ತು ಬೆಳಿಗ್ಗೆ ಮೇಲಿನ ರಸ್ತೆ ನೋಡ್ತಾ ಅಷ್ಟು ಹೊತ್ತು ನಿಂತಿದ್ಯಲ್ಲ, ಆಮೇಲೆ ನಡಿ ಅಂದಿದ್ದು ನನ್ ಮಾತಿಗೆ ಸೋತಾ, ಇಲ್ಲ ನಿಂಗೂ ಆ ತುದಿ ನೋಡ್ಬೇಕು ಅನ್ಸಿತ್ತಾ?"